ಹುಳದ ಮನೆಯ ಗಾಳಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಗಾಳಿ ಉಸಿರಾಡುತ್ತಿದ್ದದ್ದು ರೇಷ್ಮೆ ಹುಳಗಳು. ಕೊಂಕು ಮಾತೆಂದು ತಿಳಿಯಬೇಡಿ, ಇದ್ದದ್ದೇ ಹಾಗೆ. ತಮಿಳುನಾಡಿನ ಧರ್ಮಪುರಿ ಕಡೆ, ಕಂಬೈನಲ್ಲೂರಿನಿಂದ ಒಳಕ್ಕೆ ತಿರುಗುವ ರಸ್ತೆಯ ಕೊನೆಗೆ ನಮ್ಮ ಊರು. ಮನೆಯ ಹಿಂದೆ ಅಂಗಳ, ಅಂಗಳದಾಚೆ ಹುಳದ ಮನೆ. ಅದರ ಕಿಟಕಿಗಳಿಗೆಲ್ಲ ಸಣ್ಣ ಕಣ್ಣಿನ ಬಲೆ ಬಿಗಿದಿದೆ. ಬೇಸಿಗೆಯಲ್ಲಿ ಬಲೆಯ ಮೇಲೆ ಒದ್ದೆ ಗೋಣಿ ಇಳಿಬಿಡುತ್ತೇವೆ. ಒಂದೊಂದು ಬೆಳೆ ಮುಗಿದ ಮೇಲೂ ನೆಲ ಗೋಡೆ ತೊಳೆದು ಸುಣ್ಣ ಹೊಡೆಯುತ್ತೇವೆ. ಬೀಡಿ ಸೇದಿದವರು ಒಳಗೆ ಬರುವಂತಿಲ್ಲ. ಸೆಂಟು ಹಾಕಿಕೊಂಡವರು, ಹೊಗೆಸೊಪ್ಪು ಅಗಿಯುವವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗಬೇಕು. ಹುಳ ಇರುವಷ್ಟು ದಿನ ದೇವರ ಮುಂದೆ ಊದುಬತ್ತಿ ಇಲ್ಲ, ಮಲಗುವಾಗ ಸೊಳ್ಳೆಬತ್ತಿ ಇಲ್ಲ. ದೀಪಾವಳಿಗೆ ಬೀದಿಯ ಮಕ್ಕಳು ನಮ್ಮ ಮನೆ ದಾಟಿ ಹೋಗಿ ಪಟಾಕಿ ಹಚ್ಚುತ್ತಾರೆ. ಇಷ್ಟು ಮರ್ಯಾದೆ ನಮ್ಮ ಊರಿನಲ್ಲಿ ಯಾವ ಮನುಷ್ಯನ ಮೂಗಿಗೂ ಸಿಕ್ಕಿಲ್ಲ.

ನಾನು ಆ ಮನೆಯ ಎರಡನೇ ಸೊಸೆ. ಹುಟ್ಟಿದ್ದು ಎಡಪ್ಪಾಡಿಯಲ್ಲಿ, ಮಗ್ಗದವರ ಮನೆಯಲ್ಲಿ. ಚಿಕ್ಕವಳಿದ್ದಾಗ ಕೆಲವು ವರ್ಷ ಕೊಳ್ಳೇಗಾಲದ ಕಡೆ ಅಜ್ಜಿಯ ಹತ್ತಿರವಿದ್ದು ಓದಿದ್ದರಿಂದ ನನಗೆ ಕನ್ನಡ ಬರೆಯಲು ಬರುತ್ತದೆ. ನಮ್ಮ ಕಡೆ ಉಳಿದವರಿಗೆ ಕನ್ನಡ ಬಾಯಲ್ಲಿದೆ, ಕೈಯಲ್ಲಿರುವುದು ತಮಿಳು. ನನ್ನ ಗಂಡ ಶಂಕಗಿರಿಯ ಒಂದು ಲಾರಿ ಶೆಡ್ಡಿನಲ್ಲಿ ಮೆಕ್ಯಾನಿಕ್ಕು, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಬಂದಾಗ ಅವರ ಬನಿಯನ್ನು ನೆನೆಹಾಕಿದರೆ ಬಕೆಟ್ಟಿನ ನೀರು ಕಪ್ಪಾಗುತ್ತದೆ. ನನ್ನ ತವರಿನಲ್ಲಿ ಮಗ್ಗ ಓಡುವಾಗ ಹತ್ತಿಯ ಧೂಳು ಅಪ್ಪನ ಹುಬ್ಬಿನ ಮೇಲೆ ಕೂತು, ಅಪ್ಪ ಮಧ್ಯಾಹ್ನದೊಳಗೆ ಮುದುಕನಾಗಿಬಿಡುತ್ತಿದ್ದ. ಸೇಲಂ ಬಳಸಿ ಹೋಗುವಾಗ ಗಣಿಯ ಕಡೆಯಿಂದ ಬರುವ ಧೂಳು ಸುಣ್ಣದ ಪುಡಿಯಂಥದ್ದು. ನಮ್ಮ ಊರಿಗೆ ಬಂದರೆ ಇಟ್ಟಿಗೆ ಭಟ್ಟಿಗಳ ಕೆಂಪು. ಒಂದೊಂದು ಊರಿಗೆ ಒಂದೊಂದು ಬಣ್ಣ. ಕಣ್ಣಿಗೆ ಕಾಣುವುದನ್ನು ನಾವೆಲ್ಲರೂ ಬಾಯಿತುಂಬ ಬೈಯುತ್ತಿದ್ದೆವು. ಕಾಣದೆ ಇರುವುದೂ ಒಂದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಮನೆಯ ಮೊದಲ ಸೊಸೆ, ಎಂದರೆ ನನ್ನ ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನ ಕೈಗೆ ಬಂದ ಹುಳ ಕೆಟ್ಟದ್ದು ಕಡಿಮೆ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುವುದನ್ನು ನಾವು ಹಾಗೆನ್ನುತ್ತೇವೆ. ಆಗ ಅಕ್ಕ ಅಂಗಳದಲ್ಲಿ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ನಾನೋ, ಬಾಯಿ ಮುಚ್ಚಿಕೊಂಡು ಇರುವ ಪೈಕಿ ಅಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಫೋನಿನಲ್ಲಿ ತಂಗಿಯ ಜೊತೆ ನಗುತ್ತಿದ್ದೆ. ಅಕ್ಕ ಬಂದು, "ಉಳ ಜ್ವರುಕ್ಕೆ ಕುಂತವೆ, ನೀನು ಇಲ್ಲಿ ಮೈಕು ಸೆಟ್ಟು ಆಕ್ಕಂಡಿದ್ದೀಯ. ಬೀದಿಗೋಗಿ ನಗು ಓಗು," ಎಂದಳು. ಎಂದವಳಿಗೇ ನಗು ಬಂತು. ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಅವತ್ತಿನಿಂದ ನನಗೆ ಅವಳೆಂದರೆ ಜೀವ.

ಅಡುಗೆಮನೆ ಅಂಗಳದ ಈ ಬದಿಗಿದೆ. ಅದಕ್ಕೆ ಹುಳದ ಮನೆಯ ಕಡೆಗೆ ಒಂದು ಕಿಟಕಿ ಇತ್ತು. ನಾನು ಬರುವಷ್ಟರಲ್ಲಿ ಅದು ಗೋಡೆಯಾಗಿತ್ತು. ಹೊಸ ಇಟ್ಟಿಗೆಯ ಚೌಕ ಮಾತ್ರ ಬೇರೆ ಬಣ್ಣದಲ್ಲಿ ಕಾಣುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇದು. ಅವಳು ಮದುವೆಯಾಗಿ ಬಂದ ವರ್ಷ, ಹುಳ ಕೊನೆಯ ಜ್ವರ ಎದ್ದು ಗಬಗಬ ತಿನ್ನುವ ಹೊತ್ತಿನಲ್ಲಿ, ಇವಳು ಒಲೆಯ ಮೇಲೆ ಒಣಮೆಣಸಿನಕಾಯಿ ಹುರಿದಳಂತೆ. ಘಾಟು ಕಿಟಕಿಯಿಂದ ನೇರ ಹುಳದ ಮನೆಗೆ ಹೋಯಿತು. ಮರುದಿನದಿಂದ ಹುಳ ಕಪ್ಪಗಾಗಿ ಸಾಯತೊಡಗಿದವು. ರೋಗವೋ, ತಿಂದ ಹಿಪ್ಪುನೇರಳೆ ಸೊಪ್ಪಿನ ದೋಷವೋ ಯಾರು ಬಲ್ಲರು. ಅತ್ತೆ ಮಾತ್ರ ಮೆಣಸಿನಕಾಯಿ ಎಂದರು. ಮಾವ ಮಣ್ಣು ಕಲಸಿದರು. ಇಟ್ಟಿಗೆ ಎತ್ತಿಕೊಟ್ಟವಳು ಅಕ್ಕನೇ.

"ಒಂದು ಮನೆ ಅನ್ನನ ನಾನು ಕೆಡಿಸ್ದೆ ಅಂತ ಆಗೋಯ್ತು. ನಾನೇ ಮುಚ್ಚಿ ಅಂದೆ," ಎಂದಳು.

ಕಿಟಕಿ ಮುಚ್ಚಿದ ಮೇಲೂ ಮೊದಲು ಅಷ್ಟು ತೊಂದರೆಯಿರಲಿಲ್ಲವಂತೆ. ಆಗ ಹಂಚಿನ ಮಾಡು, ಹೊಗೆ ಹಂಚಿನ ಸಂದಿಯಲ್ಲಿ ಸೋರಿ ಹೋಗುತ್ತಿತ್ತು. ರೇಷ್ಮೆ ಕೈಹಿಡಿದು ನಾಲ್ಕು ಕಾಸು ಕಂಡ ಮೇಲೆ ಹಂಚು ತೆಗೆದು ತಾರಸಿ ಹಾಕಿಸಿದರು. ತಾರಸಿಗೆ ಸಂದಿ ಎಲ್ಲಿಂದ ಬರಬೇಕು. ಉಳಿದದ್ದು ಅಂಗಳದ ಕಡೆಯ ಬಾಗಿಲು ಒಂದೇ. ಹುಳ ಜ್ವರಕ್ಕೆ ಕೂತ ದಿನ ಅಕ್ಕ ಅಲ್ಲಿಗೂ ಗೋಣಿ ಇಳಿಬಿಟ್ಟು, ಒಳಗೆ ಕೂತು ಅಡುಗೆ ಮಾಡುತ್ತಿದ್ದಳು. ಹೊಗೆ ಹುಳದ ಮನೆಗೆ ಹೋಗಬಾರದಲ್ಲ, ಅದಕ್ಕೆ.

ಗ್ಯಾಸು ಇಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು, ಇದೆ. ಅದು ಟೀಗೆ, ನೆಂಟರಿಗೆ. ಹುಳಕ್ಕೆ ನಾವು ಸೊಪ್ಪಿನ ರೆಂಬೆಗಳನ್ನೇ ಕೊಯ್ದು ಹಾಸುತ್ತೇವೆ. ಹುಳ ಎಲೆ ತಿಂದು ಕಡ್ಡಿ ಬಿಡುತ್ತವೆ. ಆ ಕಡ್ಡಿ ಹಿತ್ತಲಲ್ಲಿ ಆಳೆತ್ತರ ಬಿದ್ದಿರುತ್ತದೆ. ಅದು ಬಿದ್ದಿರುವಾಗ ಸಿಲಿಂಡರು ಉರಿಸುವವರನ್ನು ನಮ್ಮ ಕಡೆ ಸೋಮಾರಿ ಎನ್ನುತ್ತಾರೆ. ಆಳುಗಳ ಅನ್ನ, ನಾವು ಕಳಿ ಎನ್ನುವ ರಾಗಿ ಮುದ್ದೆ, ದನದ ಬೂಸ, ಎಲ್ಲರ ಸ್ನಾನದ ನೀರು, ಎಲ್ಲವೂ ಆ ಕಡ್ಡಿಯಲ್ಲೇ. ಮಳೆಗಾಲದಲ್ಲಿ ಕಡ್ಡಿ ಹಸಿ. ಹಸಿ ಕಡ್ಡಿಯ ಹೊಗೆ ಕುಡಿದವರಿಗೇ ಗೊತ್ತು. ನಾನು ಸೊಪ್ಪು ಕೊಯ್ಯುವ ಕೆಲಸ ಹಿಡಿದುಕೊಂಡೆ, ಅಕ್ಕ ಒಲೆ ಹಿಡಿದುಕೊಂಡಳು. ಯಾರೂ ಕೂತು ಹಂಚಿಕೊಟ್ಟದ್ದಲ್ಲ, ಹಾಗೇ ಆಗಿಹೋಯಿತು.

ಕೆಮ್ಮು ಯಾವಾಗ ಶುರುವಾಯಿತೆಂದು ನನಗೆ ನೆನಪಿಲ್ಲ. ಇದ್ದಕ್ಕಿದ್ದಂತೆ ಬಂದದ್ದಾದರೆ ನೆನಪಿರುತ್ತಿತ್ತು. ಮೊದಲು ಚಳಿಗಾಲದ ಬೆಳಿಗ್ಗೆ ಮಾತ್ರ ಇತ್ತು. ಆಮೇಲೆ ಅಂಗಳ ಗುಡಿಸುವಾಗ ಅರ್ಧಕ್ಕೆ ನಿಲ್ಲತೊಡಗಿದಳು. ಕೊಡ ಎತ್ತಿದರೆ ಉಸಿರು ಸಿಳ್ಳೆ ಹಾಕುವುದು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು. ನಮ್ಮ ಬಾವ, ಅಕ್ಕನ ಗಂಡ, ಧರ್ಮಪುರಿಯಿಂದ ಟಾನಿಕ್ಕು ತಂದುಕೊಟ್ಟರು. ಶುಂಠಿ, ಮೆಣಸು, ಜೇನುತುಪ್ಪ ಎಲ್ಲ ಆಯಿತು.

ಹುಳದ ಮನೆಗೆ ಕೆಮ್ಮುವವರು ಹೋಗುವಂತಿಲ್ಲ. ಅದೂ ಒಂದು ಕಟ್ಟಳೆ, ಅಕ್ಕನೇ ನನಗೆ ಕಲಿಸಿಕೊಟ್ಟದ್ದು. ಒಂದು ಬೆಳೆಯ ಹೊತ್ತಿಗೆ ಅವಳು ತಾನಾಗಿ ಒಳಗೆ ಹೋಗುವುದನ್ನು ಬಿಟ್ಟಳು. ಕಿಟಕಿಯ ಹೊರಗೆ ನಿಂತು, "ಒಂದು ಎತ್ತಿ ತೋರ್ಸೆ," ಎನ್ನುತ್ತಿದ್ದಳು. ನಾನು ಒಂದು ಹುಳವನ್ನು ಅಂಗೈ ಮೇಲಿಟ್ಟು ಬಲೆಯ ಹತ್ತಿರ ಹಿಡಿಯುತ್ತಿದ್ದೆ. ಅವಳು ಮೂಗಿಗೆ ಸೆರಗು ಒತ್ತಿಕೊಂಡು ಬಗ್ಗಿ ನೋಡಿ, "ನಾಳಿಕ್ಕೆ ಕೂರ್ತವೆ, ಸೊಪ್ಪು ಕಮ್ಮಿ ಆಕು," ಎಂದು ಹೇಳಿ, ಕೆಮ್ಮಲು ದೂರ ಹೋಗುತ್ತಿದ್ದಳು. ನಾನು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಆಳುಗಳ ಮೇಲೆ ಹಾರಾಡುತ್ತಿದ್ದೆ.

ಹೋದ ವರ್ಷ ಒಂದು ಬೆಳೆಯಲ್ಲಿ ಹುಳ ಸರಿಯಾಗಿ ಏಳಲಿಲ್ಲ. ಕೆಲವು ದಪ್ಪ, ಕೆಲವು ಸಣ್ಣ, ಕೆಲವು ಎಲೆಯ ಮೇಲೆ ಸುಮ್ಮನೆ ತಲೆ ಎತ್ತಿಕೊಂಡೇ ಉಳಿದವು. ಊರ ಗಂಡಸರೆಲ್ಲ ಒಂದೇ ಬಾಯಲ್ಲಿ ಇಟ್ಟಿಗೆ ಭಟ್ಟಿಯ ಹೆಸರು ಹೇಳಿದರು. ಕೆರೆಯಾಚೆ ಹೊಸದಾಗಿ ಒಂದು ಎದ್ದಿತ್ತು. ಅದರ ಹೊಗೆ ಸೊಪ್ಪಿನ ಮೇಲೆ ಕೂತು, ಆ ಸೊಪ್ಪು ತಿಂದು ಹುಳ ಕೆಟ್ಟವೆಂದು ವಾದ. ಅದು ಸುಳ್ಳೇನೂ ಅಲ್ಲ. ಭಟ್ಟಿಯ ಪಕ್ಕದ ತೋಟದ ಎಲೆ ಒರೆಸಿದರೆ ಬೆರಳು ಕೆಂಪಾಗುತ್ತಿತ್ತು, ಎಲೆಯ ಅಂಚು ಸುಟ್ಟ ಹಾಗೆ ಒಣಗುತ್ತಿತ್ತು. ಬಾವ ನಾಲ್ಕು ಜನರನ್ನು ಸೇರಿಸಿ ಕಲೆಕ್ಟರ್ ಆಫೀಸಿಗೆ ಹೋಗುವುದೆಂದು ತೀರ್ಮಾನ ಮಾಡಿದರು. ಆಗ ಅಕ್ಕನ ಮಗಳು, ಸೇಲಂನಲ್ಲಿ ಕಾಲೇಜು ಓದುವವಳು, "ಅಪ್ಪಾ, ಚುಮ್ಮಾ ಹೋಗಿ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ. ನಾನು ಕಾಲೇಜಿಂದ ಮಿಷಿನ್ ತರ್ತೀನಿ," ಎಂದಳು.

ಅವಳು ತಂದದ್ದು ಅಂಗೈ ಅಗಲದ ಒಂದು ಡಬ್ಬಿ. ಗಾಳಿಯಲ್ಲಿ ಸಣ್ಣ ಕಣ ಎಷ್ಟಿದೆಯೆಂದು ಅದು ಬಣ್ಣದಲ್ಲಿ ತೋರಿಸುತ್ತದೆ. ಹಸಿರಾದರೆ ಒಳ್ಳೆಯದು, ಆಮೇಲೆ ಹಳದಿ, ಕಿತ್ತಳೆ, ಕೆಂಪು, ಎಲ್ಲಕ್ಕಿಂತ ಕೆಟ್ಟದ್ದು ನೇರಳೆ. ಕಣ್ಣಿಗೆ ಕಾಣುವ ಧೂಳು ಮೂಗಿನ ಕೂದಲಿಗೆ, ಕಫಕ್ಕೆ ಸಿಕ್ಕಿ ಹೊರಗೆ ಬಂದುಬಿಡುತ್ತದಂತೆ. ಕಾಣದಷ್ಟು ಸಣ್ಣದು ಯಾವುದಕ್ಕೂ ಸಿಗದೆ ಪುಪ್ಪುಸದ ತಳಕ್ಕೆ ಹೋಗಿ ಕೂರುತ್ತದಂತೆ. ಕೆಲವು ರಕ್ತಕ್ಕೂ ಇಳಿಯುತ್ತವಂತೆ. ಲಾರಿಯ ಹೊಗೆ, ಕಲ್ಲಿದ್ದಲು, ಕಸ ಸುಡುವುದು, ಸೌದೆ, ಎಲ್ಲದರಿಂದಲೂ ಅದು ಬರುತ್ತದೆ. ಸೇಲಂನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಡಬ್ಬಿ ಹಿಡಿದು ನೋಡಿದ್ದಳು. ಹೈವೇಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಕೆಂಪು, ಘಾಟಿ ದಾಟಿ ಹೊಲಗಳ ಕಡೆ ತಿರುಗಿದ ಮೇಲೆ ಹಳದಿ. ಅವಳು ಹೇಳುತ್ತಿದ್ದರೆ ನಾವೆಲ್ಲ ಸುತ್ತ ಕೂತು ಕೇಳುತ್ತಿದ್ದೆವು. ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಒಂದು ಕ್ಷಣ ನಿಂತು ಮಗಳ ಮುಖ ನೋಡಿ ಹೋದಳು. ಮಗಳು ದೊಡ್ಡ ಮಾತಾಡುವುದನ್ನು ನೋಡುವುದು ಅವಳಿಗೆ ಸಂತೋಷ.

ಭಟ್ಟಿಯ ಹತ್ತಿರ ಡಬ್ಬಿ ಕೆಂಪಾಯಿತು. ಬಾವನ ಮುಖ ಅರಳಿತು. ಅಲ್ಲಿಂದ ನಮ್ಮ ತೋಟಕ್ಕೆ ಬಂದರೆ ಕಿತ್ತಳೆ, ಅಂಗಳಕ್ಕೆ ಬಂದರೆ ಹಳದಿ. ಹುಳದ ಮನೆಯ ಒಳಗೆ ಇಟ್ಟು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾದೆವು. ತೆಗೆದು ನೋಡಿದರೆ ಹಸಿರು. ಊರಲ್ಲೆಲ್ಲೂ ಸಿಗದ ಹಸಿರು. "ನೋಡಿದ್ಯಾ, ನಮ್ಮ ಉಳದ ಮನೆ," ಎಂದು ಬಾವ ಹೆಮ್ಮೆಪಟ್ಟರು. ನಾನೂ ಹೆಮ್ಮೆಪಟ್ಟೆ. ಅಕ್ಕನನ್ನು ಕೂಗಿ ಹೇಳಿದೆ. ಅವಳು ಒಳಗಿಂದಲೇ, "ಅಂಗಂದ್ರೆ ಇನ್ನೇನು, ಬನ್ನಿ ಟೀ ಕುಡೀರಿ," ಎಂದಳು.

ಟೀ ಕುಡಿಯಲು ಒಳಗೆ ಹೋದ ಹುಡುಗಿ ಕೈಯಲ್ಲಿದ್ದ ಡಬ್ಬಿಯನ್ನು ಸಾಂಬಾರ ಡಬ್ಬಗಳ ಪಕ್ಕ ಇಟ್ಟಳು. ಪಕ್ಕದ ಒಲೆಯಲ್ಲಿ ಆಳುಗಳ ಅನ್ನ ಬೇಯುತ್ತಿತ್ತು. ಅವಳು ಲೋಟ ಬಾಯಿಗಿಟ್ಟವಳು ಹಾಗೇ ನಿಂತಳು. ಡಬ್ಬಿ ನೇರಳೆಯಾಗಿತ್ತು. ಎತ್ತಿಕೊಂಡು ಹೊರಗೆ ಬಂದಳು, ಹಳದಿ. ಒಳಗೆ ಹೋದಳು, ನೇರಳೆ. ಮತ್ತೆ ಬಂದಳು, ಮತ್ತೆ ಹೋದಳು.

"ಮಿಷಿನ್ ಕೆಟ್ಟೋಗೈತೆ," ಎಂದರು ಬಾವ.

"ಕೆಟ್ಟಿಲ್ಲ ಅಪ್ಪಾ."

"ಒಲೆ ಮುಂದೆ ಹೊಗೆ ಇಲ್ದೆ ಮಲ್ಲಿಗೆ ವಾಸನೆ ಇರ್ತದಾ. ಎಲ್ಲಾ ಮನೇಲೂ ಅಂಗೇ ಇರ್ತೈತೆ."

ನನಗೆ ಅವತ್ತು ಅರ್ಥವಾಯಿತು. ಒಂದೇ ಅಂಗಳದ ಈ ಬದಿ ನೇರಳೆ, ಆ ಬದಿ ಹಸಿರು. ಭಟ್ಟಿಗಿಂತ ಕೆಟ್ಟ ಗಾಳಿಯನ್ನು ನಾವು ಕೈಯಾರೆ ಗೋಡೆ ಕಟ್ಟಿ ಒಳಗೆ ಕೂಡಿಹಾಕಿ, ಅದರೊಳಗೆ ಒಬ್ಬ ಹೆಣ್ಣನ್ನು ಕೂರಿಸಿದ್ದೆವು. ಹುಳಕ್ಕೆ ಹೊಗೆ ತಾಗದಂತೆ ಕಾಪಾಡುವುದೆಂದರೆ ಹೊಗೆಯನ್ನು ಅಕ್ಕನಿಗೆ ಕುಡಿಸುವುದು ಎಂದು ಇಷ್ಟು ವರ್ಷ ಯಾರೂ ಲೆಕ್ಕ ಹಾಕಿರಲಿಲ್ಲ, ಅಕ್ಕನೂ ಹಾಕಿರಲಿಲ್ಲ. ನನಗೆ ಸಿಟ್ಟು ಬಂದರೆ ಮಾತು ತಡೆಯುವುದಿಲ್ಲ. "ಬಾವ, ಆ ಕಿಟಕಿ ಇವತ್ತೇ ಒಡೀರಿ. ಕಲೆಕ್ಟರ್ ಆಫೀಸಿಗೆ ಆಮೇಲೆ ಹೋಗುವಿರಂತೆ," ಎಂದೆ. ಬಾವನಲ್ಲ, ಬೇಡವೆಂದದ್ದು ಅಕ್ಕ.

"ಉಳ ಒಳಗವೆ ಕಣೆ. ಈಗ ಒಡುದ್ರೆ ಧೂಳು, ಹೊಗೆ ಎಲ್ಲ ಅಲ್ಲಿಗೋಯ್ತದೆ. ಉಳಿದಿರೋವಾದ್ರೂ ಗೂಡು ಕಟ್ಲಿ. ಆಮೇಲೆ ಒಡುದ್ರಾಯ್ತು."

"ನಿನ್ನ ಉಸಿರು ಕಾಯ್ತದಾ ಅಕ್ಕ?"

"ಇಷ್ಟು ದಿನ ಕಾದಿಲ್ವಾ."

ಹುಳ ಗೂಡು ಕಟ್ಟಿದವು. ಧರ್ಮಪುರಿಯ ಗೂಡು ಮಾರುಕಟ್ಟೆಗೆ ಹೋಗಿಯೂ ಆಯಿತು. ತೊಳೆದು ಸುಣ್ಣ ಹೊಡೆಯುವಷ್ಟರಲ್ಲಿ ಚಾಕಿ ಕೇಂದ್ರದಿಂದ ಫೋನು ಬಂತು. ಚಾಕಿಯೆಂದರೆ ಎಳೆಯ ಹುಳಗಳನ್ನು ಸ್ವಲ್ಪ ಬೆಳೆಸಿ ನಮ್ಮಂಥವರಿಗೆ ಕೊಡುವ ಜಾಗ. ಮುಂದಿನ ಮರಿ ತಯಾರಿದೆಯೆಂದರು. ಸೊಪ್ಪು ತೋಟದಲ್ಲಿ ಬೆಳೆದು ನಿಂತಿತ್ತು, ಬಿಟ್ಟರೆ ಹಳದಿಯಾಗುತ್ತದೆ. ಮರಿ ಬಂತು. ಕಿಟಕಿ ಈ ಬೆಳೆಯಾದ ಮೇಲೆ ಎಂದರು. ಆ ಬೆಳೆಯಾದ ಮೇಲೆ ಮತ್ತೊಂದು. ರೇಷ್ಮೆಯಲ್ಲಿ ಇಂಥದ್ದೇ ಕಷ್ಟ, ಯಾವಾಗಲೂ ಒಂದು ಬೆಳೆ ಒಳಗೆ, ಒಂದು ಬೆಳೆ ಬಾಗಿಲಲ್ಲಿ. ನಾನು ಒಲೆಯ ಕೆಲಸ ಕಸಿದುಕೊಳ್ಳಲು ನೋಡಿದೆ. ಬೆಳಿಗ್ಗೆ ನಾನು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಅಕ್ಕ ಒಲೆ ಹಚ್ಚಿ ಕೂತಿರುತ್ತಿದ್ದಳು. ಬೈದರೆ, "ಸೊಪ್ಪು ಕೊಯ್ಯಕ್ಕೆ ನನ್ನ ಕೈಲಾಯ್ತದಾ? ಕುಂತ ಜಾಗದಲ್ಲಿ ಮಾಡೋ ಕೆಲ್ಸ ಇದೊಂದೇ," ಎನ್ನುತ್ತಿದ್ದಳು.

ಮಾರ್ಗಳಿ ತಿಂಗಳು, ಎಂದರೆ ಧನುರ್ಮಾಸದಲ್ಲಿ, ನಮ್ಮ ಕಡೆ ಹೊಗೆ ಮೇಲೆ ಏಳುವುದಿಲ್ಲ. ಬೆಳಗಿನ ಜಾವ ಮಂಜು, ಭಟ್ಟಿಯ ಹೊಗೆ, ಮನೆಮನೆಯ ಸೌದೆ ಹೊಗೆ, ಎಲ್ಲ ಒಂದಾಗಿ ತೆಂಗಿನ ಮರದ ಅರ್ಧಕ್ಕೆ ನಿಂತುಬಿಡುತ್ತದೆ. ಅಂಥ ಒಂದು ಬೆಳಿಗ್ಗೆ ನಾನು ಸೊಪ್ಪಿನ ಹೊರೆ ಇಳಿಸುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅಕ್ಕ ಬಾಗಿಲ ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾಳೆ. ತುಟಿ ನೀಲಿಯಾಗಿದೆ. ಬಾಯಿ ತೆರೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಗೋಣಿ ಕಿತ್ತು ಎಸೆದು ಅವಳನ್ನು ಅಂಗಳಕ್ಕೆ ಎಳೆದು ತಂದೆ. ನನ್ನ ಕೈಯನ್ನು ಅವಳು ಹಿಡಿದಿದ್ದ ಬಿಗಿ ಈಗಲೂ ಮೈಮೇಲಿದೆ. ಸಾಯುತ್ತಾಳೆ ಎಂದುಕೊಂಡೆ.

ಸೇಲಂನ ಆಸ್ಪತ್ರೆಯಲ್ಲಿ ಉಳಿಸಿಕೊಟ್ಟರು. ಡಾಕ್ಟರಮ್ಮ ಎಕ್ಸ್-ರೇ ನೋಡಿ, ಊದಿಸಿ ಪರೀಕ್ಷೆ ಮಾಡಿ, ತಮಿಳಿನಲ್ಲಿ ಮೊದಲು ಕೇಳಿದ್ದು, "ಎಷ್ಟು ವರ್ಷದಿಂದ ಬೀಡಿ ಸೇದುತ್ತಾರೆ?" ಎಂದು. ಮುಖದ ಮೇಲೆ ಆಕ್ಸಿಜನ್ ಕಟ್ಟಿಕೊಂಡಿದ್ದ ಅಕ್ಕ ಕಣ್ಣು ಕೆಕ್ಕರಿಸಿ ಅವರನ್ನು ನೋಡಿದಳು. ನಾನು ಸೌದೆ ಒಲೆಯ ವಿಷಯ ಹೇಳಿದೆ, ಕಿಟಕಿಯ ವಿಷಯವನ್ನೂ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಇಂಥವರು ತಮಗೆ ವಾರವಾರವೂ ಬರುತ್ತಾರೆ ಎಂದರು. ಮಗ್ಗದ ಕಡೆಯವರು, ಕ್ರಷರಿನ ಕಡೆಯವರು, ಲಾರಿಯವರು, ಒಲೆಯವರು, ಎಲ್ಲರೂ. ಹೋದ ಪುಪ್ಪುಸ ಮತ್ತೆ ಬರುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ಇನ್ನೊಂದು ಸಲ ಹೀಗಾದರೆ ಕಷ್ಟ. ಹೊಗೆ ಧೂಳು ಎರಡೂ ಇಲ್ಲದ ಒಂದು ಜಾಗ ನೋಡಿ ಅಲ್ಲಿಡಿ, ಮುಖ್ಯವಾಗಿ ಮಲಗುವುದಕ್ಕೆ, ಎಂದರು.

ಹೊರಗೆ ಬೆಂಚಿನ ಮೇಲೆ ಕೂತು ಬಾವ, "ಏರ್ಕಾಡಲ್ಲಿ ಯಾರಾದ್ರೂ ನೆಂಟ್ರು ಅವ್ರಾ ಕೇಳ್ಬೇಕು," ಎಂದರು. ಅವರ ಕಣ್ಣು ತುಂಬಿತ್ತು. ಅವರು ಕೆಟ್ಟವರಲ್ಲ. ಹೆಂಡತಿಯನ್ನು ಬೆಟ್ಟದ ಮೇಲೆ ಯಾರದೋ ಮನೆಯಲ್ಲಿ ಬಿಟ್ಟು ಬರುವುದು ಅವರಿಗೂ ಸಂಕಟವೇ.

"ಏರ್ಕಾಡು ಯಾಕೆ ಬಾವ," ಎಂದೆ. "ಒಳ್ಳೆ ಗಾಳಿ ನಮ್ಮ ಅಂಗಳದಲ್ಲೇ ಐತೆ. ನೀವೇ ನೋಡಿದ್ರಲ್ಲ, ಹಸಿರು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಉಳದ ಮನೇಲಿ ಮನುಷ್ಯರು ಮಲಗ್ತಾರಾ?" ಎಂದರು. ಅದು ನಿಜವಾಗಿ ಅವರಿಗಿದ್ದ ಸಂಶಯ, ವ್ಯಂಗ್ಯವಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಆಸ್ಪತ್ರೆಯೆಂದೂ ನೋಡದೆ ಬಾಯಿಗೆ ಬಂದದ್ದು ಅಂದೆ. ಹುಳಕ್ಕೆ ಹೊಗೆ ಆಗದು, ಸೆಂಟು ಆಗದು, ಕೆಮ್ಮು ಆಗದು, ಇವಳಿಗೆ ಎಲ್ಲವೂ ಆಗುತ್ತದಾ, ಇವಳು ಏನು ಕಲ್ಲಾ ಎಂದೆ. ಸುತ್ತ ಇದ್ದವರು ತಿರುಗಿ ನೋಡಿದರು. ಬಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ಅವತ್ತೇ ಸಂಜೆ ಅವರು ಊರಿಗೆ ಬಸ್ಸು ಹತ್ತಿದರು. ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಒಳಗಿದ್ದ ಹುಳ ಗೂಡು ಕಟ್ಟಿ ಮುಗಿಸಿದವು. ಅದನ್ನು ಬಿಡಿಸಿ ಕಳಿಸಿ, ಮನೆ ತೊಳೆಸಿ, ಸುಣ್ಣ ಹೊಡೆಸಿದರು. ಅಡುಗೆಮನೆಯ ಕಿಟಕಿಯನ್ನು ಆಳು ಕರೆಯದೆ ತಾವೇ ಹಾರೆ ಹಿಡಿದು ಒಡೆದರಂತೆ. ನಾವು ಅಕ್ಕನನ್ನು ಕರೆದುಕೊಂಡು ಬಂದಾಗ ಗೋಡೆಯಲ್ಲಿ ಇಷ್ಟಗಲ ಬೆಳಕು ಕಾಣುತ್ತಿತ್ತು. ಅಕ್ಕ ಅದನ್ನು ನೋಡಿದಳು. ಒಲೆ ತಣ್ಣಗಿತ್ತು. ಇನ್ನು ಮೇಲೆ ಅಡುಗೆ ಗ್ಯಾಸಿನಲ್ಲೇ ಎಂದು ನಾನು ಹೇಳಿದೆ, ಯಾರೂ ಎದುರಾಡಲಿಲ್ಲ.

ಹುಳದ ಮನೆಯ ಬಾಗಿಲಲ್ಲಿ ಮಾತ್ರ ಅವಳು ನಿಂತುಬಿಟ್ಟಳು. ಒಳಗೆ ಹುಳ ಸಾಕುವ ತಟ್ಟುಗಳನ್ನು ಒತ್ತರಿಸಿ ನಡುವೆ ಮಂಚ ಹಾಕಿತ್ತು, ಹೊಸ ಚಾಪೆ, ದಿಂಬು ಇತ್ತು. "ಬ್ಯಾಡ ಕಣೆ. ಕೆಮ್ತಾ ಇವ್ನಿ. ನಾಳಿಕ್ಕೆ ಉಳಕ್ಕೆ ಏನಾದ್ರೂ ಆದ್ರೆ," ಎಂದಳು. ಉಳ ಇಲ್ಲ ಅಕ್ಕ ಎಂದೆ. "ಮುಂದಿನ ಬೆಳೆಗೆ?" ಎಂದಳು. ನಾನು ಅವಳ ಸೊಂಟ ಹಿಡಿದು ಸುಮ್ಮನೆ ಒಳಗೆ ನಡೆಸಿದೆ. ಬಡಿದಾಡುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ.

ಮೊದಲ ಕೆಲವು ದಿನ ಮಂಚದ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವಳ ಹಾಗೆ ಕೂತಿದ್ದಳು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗಲು ನೋಡುತ್ತಿದ್ದಳು. ಆಮೇಲಾಮೇಲೆ ಕೆಮ್ಮು ಒಂದಿಷ್ಟು ಇಳಿಯಿತು. ಎಷ್ಟೋ ಕಾಲದಿಂದ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಲ್ಲಿ ಒಂದು ಮಧ್ಯಾಹ್ನ ಕಾಲು ಚಾಚಿ ಮಲಗಿ ನಿದ್ದೆ ಹೋದಳು. ಊಟ ತಂದ ನಾನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಅವಳ ಎದೆ ಏರಿ ಇಳಿಯುವುದನ್ನು ನೋಡುತ್ತಾ ಅತ್ತುಬಿಟ್ಟೆ. ಗುಣವಾಯಿತೆಂದು ನಾನು ಹೇಳುತ್ತಿಲ್ಲ. ಇವತ್ತಿಗೂ ಬಾವಿಯ ತನಕ ನಡೆದರೆ ಕೂರಬೇಕು, ಊದುವ ಔಷಧಿ ಸೊಂಟದಲ್ಲೇ ಇರುತ್ತದೆ. ಆದರೆ ಮಲಗಲು ಆಗುತ್ತದೆ.

ತೋಟದಲ್ಲಿ ಸೊಪ್ಪು ಯಾರಿಗೂ ಕಾಯದೆ ಬೆಳೆಯಿತು. ಬಾವ ದಿನವೂ ಹೋಗಿ ನೋಡಿ ಬರುತ್ತಿದ್ದರು. ಮನೆಗೆ ಬರುವ ಆದಾಯವೆಲ್ಲ ಆ ಒಂದು ಕೋಣೆಯಿಂದ ಬರುತ್ತಿದ್ದದ್ದು, ಅವರ ಸಂಕಟ ನನಗೂ ಗೊತ್ತಿತ್ತು. ಒಂದು ಬೆಳೆ ಬಿಟ್ಟದ್ದಾಗಿತ್ತು. ಚಳಿ ಕಳೆದ ಮಾಸಿ ತಿಂಗಳಲ್ಲಿ ಒಂದು ಸಂಜೆ ಅವರು ಹುಳದ ಮನೆಯ ಬಾಗಿಲಿಗೆ ಬಂದು ನಿಂತರು. ನಾನು ಅಕ್ಕನ ತಲೆ ಬಾಚುತ್ತಿದ್ದೆ.

"ಚಾಕಿಯೋರು ಫೋನ್ ಮಾಡಿದ್ರು," ಎಂದರು. "ನಾಡಿದ್ದು ಮರಿ ಕೊಡ್ತಾರಂತೆ. ಸೊಪ್ಪು ಚೆನ್ನಾಗೈತೆ ಈ ಸಲ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಅಕ್ಕ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಸರಿ, ತನ್ನಿ ಎನ್ನುತ್ತಾಳೆ. ಇವತ್ತೇ ಮಂಚ ತೆಗೀರಿ ಎನ್ನುತ್ತಾಳೆ. ಅದಕ್ಕೆ ಮೊದಲೇ ಜಗಳ ತೆಗೆಯೋಣವೆಂದು ನಾನು ಬಾಯಿ ತೆರೆದೆ. ಅಕ್ಕ ಹಿಂದಕ್ಕೆ ಕೈ ಚಾಚಿ ನನ್ನ ಮೊಣಕಾಲು ಅದುಮಿದಳು.

"ಬ್ಯಾಡ ಅನ್ನಿ," ಎಂದಳು.

ಬಾವನಿಗೆ ಕೇಳಿಸಿತೋ ಇಲ್ಲವೋ. "ಒಂದು ಬೆಳೆ ತಾನೆ. ಅಷ್ಟು ದಿನ ಮುಂದುಗಡೆ ರೂಮಲ್ಲಿ ಮಲಗಿದ್ರೆ, ಆಮೇಲೆ ತಿರ್ಗಿ ಇಲ್ಲಿಗೇ…"

"ಇಲ್ಲ ನೋಡಿ," ಎಂದಳು ಅಕ್ಕ. ಮಾತಿನ ನಡುವೆ ನಿಂತು ಉಸಿರು ತೆಗೆದುಕೊಂಡಳು. "ಇಷ್ಟು ವರ್ಷ ಉಳಕ್ಕೆ ಬಿಟ್ಟುಕೊಟ್ಟೆ. ಈಗ ನಂಗೆ ಬೇಕು. ನಂಗೆ ಇಲ್ಲೇ ಉಸ್ರು ಬತ್ತೈತೆ."

ಅವಳು ಆ ಮನೆಗೆ ಬಂದ ಮೇಲೆ ತನಗೆಂದು ಒಂದು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾವನೂ ಕೇಳಿದ್ದು ಅದೇ ಮೊದಲೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ಆಮೇಲೆ ಅಂಗಳಕ್ಕೆ ಇಳಿದು, ನಮಗೆ ಬೆನ್ನು ಹಾಕಿ, ಚಾಕಿಯವರಿಗೆ ಫೋನು ಮಾಡಿದರು.

"ಇಲ್ಲಪ್ಪ, ಮರಿ ಬ್ಯಾಡ. ಇಲ್ಲಿ ಬಿಡಕ್ಕೆ ಜಾಗ ಇಲ್ಲ," ಎಂದರು. ಆ ಕಡೆಯವರು ಅಷ್ಟು ದೊಡ್ಡ ಮನೆ ಖಾಲಿ ಇದೆಯಲ್ಲ ಎಂದು ಕೇಳಿರಬೇಕು.

"ಖಾಲಿ ಇಲ್ಲ," ಎಂದರು ಬಾವ. "ನಮ್ಮನೆಯೋಳು ಅವ್ಳೆ ಒಳಗೆ."